ಬೆಚ್ಚಗಿಡಬೇಕಾದ ಕಡ್ಡಿಗಳು

ರಜಾಕಾರರ ಹಾವಳಿ ಮುಗಿದು ಐದಾರು ವರ್ಷವಾಗಿತ್ತು. ಸಿಂಧನೂರಿನ ಬಳಿ ಕಾಲುವೆ ಕೆಲಸ ನಡೆದಿತ್ತು. ಮಸ್ಕಿಯವನಾದ ನಾನು ಅಲ್ಲಿನ ವರ್ಕ್‌ಶಾಪಿನಲ್ಲಿ ಗೋದಾಮಿನ ಕಾರಕೂನ. ಯಾರನ್ನೂ ನಂಬದಿರುವುದೇ ಜಾಣತನ ಎಂದುಕೊಂಡಿದ್ದ ಮನುಷ್ಯ.

ಲಿಂಗಸುಗೂರಿನಿಂದ ಬಂದ ವೆಲ್ಡರನ ಮೇಲೆ ಮೊದಲ ವಾರವೇ ಅನುಮಾನ ಹುಟ್ಟಿತು. ತೂಬಿನ ಬಾಗಿಲಿನ ಸಾದಾ ಉಕ್ಕಿನ ಚೌಕಟ್ಟಿಗೆ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿ ಬೆಸೆಯುವುದು ಅವನ ಕೆಲಸ. ಎರಡೂ ಬೇರೆ ಬೇರೆ ಲೋಹ, ಬೆಸುಗೆ ಬಿರುಕು ಬಿಡಬಾರದೆಂದು ಮುಂಬಯಿಯಿಂದ ಬೇರೆಯೇ ವೆಲ್ಡಿಂಗ್ ಕಡ್ಡಿ ತರಿಸಿದ್ದರು. ಸಂಜೆಯಾದರೆ ಅವನು ಉಳಿದ ಕಡ್ಡಿಗಳನ್ನು ಟವಲಿನಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದ. ಕೇಳಿದರೆ, ಬೆಚ್ಚಗಿಡಬೇಕು ಎನ್ನುತ್ತಿದ್ದ. ಕಡ್ಡಿಗೇನು ಚಳಿಯೇ? ಒಂದು ಸಂಜೆ ಹಿಂದೆಯೇ ಹೋದೆ. ಅವನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಇವನು ಗಂಟನ್ನು ಒಲೆಯ ಹಿಂದಿನ ಗೂಡಿಗೆ ತುರುಕಿದ. ಕಳ್ಳಮಾಲು ಇಡುವ ಜಾಗ ಸಿಕ್ಕಿತು ಎಂದುಕೊಂಡೆ.

ಮರುದಿನದಿಂದ ಕಡ್ಡಿ ಗೋದಾಮು ಬಿಟ್ಟು ಹೋಗಕೂಡದೆಂದು ಕಟ್ಟಪ್ಪಣೆ ಮಾಡಿದೆ. ಕಾವಲುಗಾರನ ಮೇಲೂ ನನಗೆ ಭರವಸೆ ಇರಲಿಲ್ಲ. ಯಾರೂ ಕೈಹಾಕದ ಜಾಗ ಬೇಕಲ್ಲ, ಒದ್ದೆ ಗೋಣಿತಟ್ಟು ಸುತ್ತಿದ ಕುಡಿಯುವ ನೀರಿನ ಹರಿವಿಯ ಹಿಂದೆ ಮುಚ್ಚಿಟ್ಟೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಾಲ್ಕು ದಿನ ಕಳೆದು ಕಡ್ಡಿ ಕೊಡುವಾಗ ಅವನು ಕೇಳಿದ: “ಒಣಾ ಜಾಗದಾಗ ಇಟ್ಟಿದ್ರಿಲ್ಲರಿ?”

“ಒಣಾ ಅದಾವು. ನೀ ನಿನ್ನ ಕೆಲಸ ನೋಡು,” ಎಂದೆ.

ಅಂದು ಹಾಕಿದ ಬೆಸುಗೆ ಆರುತ್ತಿದ್ದಂತೆ ಉದ್ದಕ್ಕೂ ಸೀಳಿತು. ನೀರು ಬಿಡುವ ದಿನ ಹತ್ತಿರ ಬಂದಿತ್ತು, ಇಂಜಿನಿಯರ್ ಸಾಹೇಬರು ಕೆಂಡಾಮಂಡಲವಾದರು. ವೆಲ್ಡರ್ ಉಳಿದಿದ್ದ ಕಡ್ಡಿಯೊಂದರ ಮೇಲಿನ ಲೇಪವನ್ನು ಉಗುರಿನಿಂದ ಕೆರೆದ. ಹರಿವಿಯ ತೇವ ಹೀರಿದ್ದ ಅದು ಹಳೆ ಗೋಡೆಯ ಸುಣ್ಣದಂತೆ ಉದುರಿತು; ಬೆಸುಗೆ ಸೀಳಿದ್ದು ಅದರಿಂದಲೇ. ನನ್ನ ಕಡೆ ನೋಡಿದ. ಅವನು ಬಾಯಿಬಿಟ್ಟರೆ ಎಲ್ಲ ಸುಳ್ಳೆಂದು ಹೇಳಲು ನಾನು ತಯಾರಾಗಿದ್ದೆ.

“ಕಡ್ಡಿ ಹಚ್ಚಾಕಿಂತ ಮೊದ್ಲ ನಾನ ನೋಡ್ಕೋಬೇಕಿತ್ರಿ,” ಎಂದಷ್ಟೇ ಸಾಹೇಬರಿಗೆ ಹೇಳಿದ.

ಅಂದೇ ಅವನನ್ನು ಕೆಲಸದಿಂದ ತೆಗೆದರು. ನಾಚಿಕೆಗಿಂತ ಹೆಚ್ಚಾಗಿ ನನಗಾದದ್ದು ಗುಮಾನಿ. ನನ್ನನ್ನು ಉಳಿಸಿ ಇವನಿಗೇನು ಲಾಭ? ಏನೋ ಮಸಲತ್ತು ಇರಬೇಕು, ಇಂದಲ್ಲ ನಾಳೆ ದೂರು ಕೊಡುತ್ತಾನೆ ಎಂದು ಕಾದೆ.

ವಾರದ ಮೇಲೆ ಬಂದವಳು ಅವನ ಹೆಂಡತಿ. ಸಾಮಾನು ಕಟ್ಟಿಕೊಂಡು ಊರಿಗೆ ಹೊರಟಿದ್ದಳು.

“ಹೊಸಬ್ರು ಬಂದ್ರ ಕಡ್ಡಿ ಒಲಿ ಹತ್ರ ಇಡಾಕ ಹೇಳ್ರಿ ಅಂದಾರ್ರಿ ನಮ್ಮನಿಯವ್ರು. ಪಾಪ, ಕಾರಕೂನರಿಗೆ ಯಾರೂ ತಿಳಿಸಿರಲಿಕ್ಕಿಲ್ಲ ಅಂದ್ರು.”

ಅವನೇ ನನಗೆ ಹತ್ತು ಸಲ ತಿಳಿಸಿದ್ದ. ಬಾಗಿಲಲ್ಲಿ ನಿಂತು ಹೂಂ ಎಂದೆ.