ಸಲಾಂ ಭಾಯ್ ಪಾಲಿನ ಅಂಗಳ

ಅಬ್ದುಲ್ ಸಲಾಂ ಅವರಷ್ಟು ಹಠಮಾರಿಯನ್ನು ನಾನು ಕಂಡಿಲ್ಲ. ಉಳ್ಳಾಲದ ಬ್ಯಾರಿ, ಇಲ್ಲಿ ಗಲ್ಫಿನಲ್ಲಿ ಬನಿಯಾಸ್‌ನ ಟಯರ್ ಅಂಗಡಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ. ಖಲೀಫಾ ಸಿಟಿಯಲ್ಲಿ, ಒಂದೇ ಗೋಡೆಯೊಳಗೆ ಹಲವು ಬಾಡಿಗೆ ಮನೆಗಳಿರುವ ನಮ್ಮ ಕಾಂಪೌಂಡಿಗೆ ನಮಗಿಂತ ಎಷ್ಟೋ ಮೊದಲು ಬಂದವರು, ಆದರೂ ಗೋಡೆಗೆ ಒಂದು ಮೊಳೆ ಹೊಡೆದವರಲ್ಲ. ಹೆಂಡತಿ ಖೈರುನ್ನಿಸ ಅಂಗಳದಲ್ಲಿ ಕೂತರೂ, "ಒಳಗೆ ಬಾ ಮಾರಾಯ್ತಿ, ಅದೆಂತ ನಿನ್ನ ಅಪ್ಪನ ಜಾಗವಾ?" ಎನ್ನುವರು. ವೀಸಾ ಮುಗಿದ ದಿನ ಯಾರಿಗೂ ಹೇಳದೆ ಕೇಳದೆ ಎದ್ದು ಹೋಗುತ್ತೇನೆ ಎಂಬುದು ಅವರ ದಿನನಿತ್ಯದ ಪಾಠ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಕಳೆದ ಚಳಿಗಾಲದಲ್ಲಿ ಎದುರು ಮನೆಗೆ ಶೋಶಾನಾ ಎಂಬ ಯಹೂದಿ ಟೀಚರ್, ಗಂಡ ಮತ್ತು ಕೂಸಿನೊಂದಿಗೆ ಬಂದಳು. ಅವಳ ಅಣ್ಣನ ಸಂಸಾರವೂ ನಮ್ಮ ಸಾಲಿನ ಕೊನೆಯ ಮನೆಯಲ್ಲೇ ಇತ್ತು. ಒಂದು ಸಂಜೆ ಅವಳು ಖರ್ಜೂರದ ಡಬ್ಬಿ ಹಿಡಿದು ಮನೆಮನೆಗೆ ಬಂದಳು. ಶನಿವಾರ ಅವರ ವಿಶ್ರಾಂತಿಯ ದಿನ. ಅಂದು ಹಲವು ಮನೆಗಳಿಗೆ ಸೇರಿದ ಒಂದೇ ಅಂಗಳದಲ್ಲಿ ಏನನ್ನೂ ಹೊತ್ತು ನಡೆಯಬಾರದು, ಸ್ವಂತ ಮಗುವನ್ನೂ. ಗೋಡೆಯೊಳಗಿನ ಪ್ರತಿಯೊಂದು ಮನೆಯವರೂ ತಮ್ಮ ಪಾಲಿನ ಅಂಗಳವನ್ನು ಅವರಿಗೆ ಬಾಡಿಗೆಗೆ ಕೊಟ್ಟರೆ ಹೊತ್ತು ನಡೆಯಬಹುದು. ಬಾಡಿಗೆ ಎಂದರೆ ಒಂದು ಖರ್ಜೂರವಾದರೂ ಸಾಕು. ಆದರೆ ಒಬ್ಬರು ಬೇಡವೆಂದರೂ ಆಗುವುದಿಲ್ಲ. ಅದು ಅವರ ತೀರ ಹಳೆಯ ಕಾನೂನಂತೆ. ನನಗೆ ನಗು ಬಂತು. ಖರ್ಜೂರ ಬಾಯಿಗೆ ಹಾಕಿಕೊಂಡು ಆಯಿತಮ್ಮ ಎಂದೆ.

ಎಲ್ಲರೂ ಒಪ್ಪಿದರು, ಸಲಾಂ ಭಾಯ್ ಒಬ್ಬರನ್ನು ಬಿಟ್ಟು.

"ನಾಗಮಣಿಯವರೇ, ನೀವಾದ್ರೂ ಅವಳಿಗೆ ಹೇಳಿ," ಎಂದರು ನನ್ನೊಡನೆ. "ಅಂಗಳ ಓನರದ್ದು. ನನ್ನದಲ್ಲದ್ದನ್ನು ನಾನು ಕೊಡುದು ಹೇಗೆ? ಅದು ಹರಾಮ್ ಅಲ್ವಾ?"

ಆ ಶನಿವಾರ ಅಣ್ಣನ ಮನೆಯಲ್ಲಿ ಎಲ್ಲರಿಗೂ ಊಟವಿತ್ತು. ಗಂಡ ಒಬ್ಬನೇ ಹೋದ. ಶೋಶಾನಾ ಕೂಸನ್ನು ಎತ್ತಿಕೊಂಡು ಹೊಸ್ತಿಲ ಒಳಗೇ ನಿಂತಿದ್ದಳು. ಅದು ಹೊರಗೆ ಕೈಚಾಚಿ ಅಳುತ್ತಿತ್ತು. ಸಲಾಂ ಭಾಯ್ ಕಿಟಕಿಯಿಂದ ನೋಡುತ್ತಿದ್ದುದು ಕಂಡು ನನಗೆ ಸಿಟ್ಟು ನೆತ್ತಿಗೇರಿತು. ಅವರ ಮನೆಗೇ ಹೋಗಿ ಬಾಯಿಗೆ ಬಂದಂತೆ ಬೈದೆ.

ಮರುದಿನ ನನ್ನನ್ನು ಕರೆದುಕೊಂಡು ಅವಳ ಬಾಗಿಲಿಗೆ ಬಂದರು. ತನ್ನದಲ್ಲದ ಜಾಗಕ್ಕೆ ತನ್ನ ಒಪ್ಪಿಗೆ ಯಾಕೆ ಎಂದು ನನ್ನ ಮೂಲಕ ಇಂಗ್ಲಿಷಿನಲ್ಲಿ ಕೇಳಿಸಿದರು.

"ನೆಲ ಮಾಲೀಕರದ್ದೇ," ಎಂದಳು ಶೋಶಾನಾ. "ಆದರೆ ಇಲ್ಲಿ ಬಾಳುವವರು ನೀವು. ನಮ್ಮ ಕಾನೂನು ಬಾಳುವವರನ್ನು ಕೇಳು ಎನ್ನುತ್ತದೆ."

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಇರಲು, ದುಡಿಯಲು, ಊರಿಗೆ ಹೋಗಿಬರಲು ನಾವು ಇಲ್ಲಿ ಅನುಮತಿ ಕೇಳುತ್ತಲೇ ಬಂದವರು. ನಮ್ಮ ಅನುಮತಿ ಕೇಳಿ ಬಾಗಿಲು ತಟ್ಟಿದವರು ಯಾರಿದ್ದಾರೆ?

"ನನ್ನ ಹತ್ರ ಕೇಳ್ಬೇಕು ಅಂತ ಅವರ ಕಿತಾಬಿನಲ್ಲೇ ಉಂಟಾ?"

"ಉಂಟಂತೆ, ಭಾಯ್."

ಅವರು ಡಬ್ಬಿಯಿಂದ ಒಂದು ಖರ್ಜೂರ ತೆಗೆದುಕೊಂಡು ಅರ್ಧ ತಿಂದರು. ಇನ್ನರ್ಧವನ್ನು ಖೈರುನ್ನಿಸರಿಗೆ ಕೊಡಲು ಮನೆಗೆ ಒಯ್ದರು.

ಮುಂದಿನ ಶನಿವಾರಗಳಲ್ಲಿ ಕೂಸು ತಾಯಿಯ ಹೆಗಲೇರಿ ಅಂಗಳ ದಾಟಿತು. ಸಲಾಂ ಭಾಯ್ ಕುರ್ಚಿ ಹಾಕಿಕೊಂಡು ಹೊರಗೇ ಕೂತು, ಜಮೀನ್ದಾರರ ಗತ್ತಿನಲ್ಲಿ ಅದನ್ನು ಬರಮಾಡಿಕೊಳ್ಳುತ್ತಿದ್ದರು. ನಾನು ಗೇಲಿ ಮಾಡಿದರೆ ಅವರಿಗೆ ಖುಷಿಯೇ ಆಗುತ್ತಿತ್ತು.

ಬೇಸಿಗೆ ಶುರುವಾಗುವ ಹೊತ್ತಿಗೆ ಟಯರ್ ಅಂಗಡಿ ಮುಚ್ಚಿತು. ವೀಸಾ ರದ್ದಾಯಿತು. ಈ ವಯಸ್ಸಿನಲ್ಲಿ ಇನ್ನು ಬೇರೆ ಕೆಲಸ ಯಾರು ಕೊಡುತ್ತಾರೆ? ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಬಂದು ನಿಂತಾಗ, ಸಲಾಂ ಭಾಯ್ ಹೊಸ ಅಂಗಿ ತೊಟ್ಟು ಒಂದೊಂದೇ ಬಾಗಿಲು ತಟ್ಟುತ್ತಿದ್ದರು. ನಮ್ಮ ಮನೆಗೆ ಬಂದದ್ದು ಕೊನೆಗೆ. ಹಿಂದೆ ಖೈರುನ್ನಿಸ.

"ಹೊರಡ್ಬೇಕು ಅಂತ, ನಾಗಮಣಿಯವರೇ. ಎಲ್ಲರದ್ದೂ ಒಪ್ಪಿಗೆ ಸಿಕ್ಕಿತು. ನಿಮ್ಮದೊಂದು ಬೇಕು. ಒಬ್ರು ಬೇಡ ಅಂದ್ರೂ ಆಗುದಿಲ್ಲ."

ತಮಾಷೆಯಾಗಿ ಹೇಳಲು ನೋಡಿದರು.

ನಾನು ಬೇಡ ಎಂದೆ.

ಸಲಾಂ ಭಾಯ್ ನಗಲು ಹೋಗಿ, ಆಗದೆ, ನನ್ನ ಮೆಟ್ಟಿಲ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಗೇಟಿನಲ್ಲಿ ಟ್ಯಾಕ್ಸಿಯವನು ಹಾರ್ನ್ ಹೊಡೆದ.

"ಕಾಯ್ಲಿ ಅವನು. ನಾಗಮಣಿಯವರದ್ದು ಒಪ್ಪಿಗೆ ಸಿಗ್ಲಿಲ್ಲ ಅಲ್ವಾ," ಎನ್ನುತ್ತ ಖೈರುನ್ನಿಸರೂ ಗಂಡನ ಪಕ್ಕ ಕೂತರು.