ಡಬ್ಬದ ತಳದ ಹಿಡಿ ಅಕ್ಕಿ

ನಮ್ಮ ಅಡುಗೆಮನೆಯಲ್ಲಿ ಯಾವುದೂ ಮುಗಿಯುತ್ತಿರಲಿಲ್ಲ. ಅಕ್ಕಿಯೋ ಉಪ್ಪೋ ಅರಿಶಿನವೋ ತೀರಿದರೆ 'ಹೆಚ್ಚಾಯಿತು' ಎನ್ನಬೇಕು. 'ಇಲ್ಲ', 'ಖಾಲಿ' ಎಂದು ಬಾಯಲ್ಲಿ ಬರಕೂಡದು. ನನ್ನ ಹೆಂಡತಿ ಇದನ್ನು ತನ್ನ ತಾಯಿಯಿಂದ ಕಲಿತು ಬಂದಿದ್ದಳು. ಒಂದು ಸಂಜೆ ಮಗಳು ಶಾಲೆಯ ಪಾಠ ಉರು ಹೊಡೆಯುತ್ತಾ, 'ಇನ್‌ಕ್ರೀಸ್ ಅಂದರೆ ಹೆಚ್ಚಾಗು' ಎಂದದ್ದು ಒಲೆಯ ಮುಂದಿದ್ದವಳ ಕಿವಿಗೆ ಬಿತ್ತು. ಅಂದಿನಿಂದ ನನ್ನ ಆಫೀಸಿಗೆ ಫೋನ್ ಬರತೊಡಗಿತು.

"ರೀ, ಅಕ್ಕಿ ಇನ್‌ಕ್ರೀಸ್ ಆಗಿದೆ. ಬರ್ತಾ ಅಕ್ಕಿಪೇಟೆ ಕಡೆಯಿಂದ ಬನ್ನಿ."

"ನನ್ನ ಸಂಬಳ ಒಂದು ಬಿಟ್ಟು ಎಲ್ಲಾ ಇನ್‌ಕ್ರೀಸ್ ಆಗತ್ತಲ್ಲೇ ನಮ್ಮನೇಲಿ."

"ಅದೂ ತಿಂಗಳ ಮಧ್ಯಕ್ಕೇ ಇನ್‌ಕ್ರೀಸ್ ಆಗ್ಬಿಡತ್ತೆ, ಬಿಡಿ."

ಹಾಗೆಂದು ಅವಳ ಅಕ್ಕಿಡಬ್ಬ ಎಂದೂ ಬರಿದಾದದ್ದಿಲ್ಲ. ತಳದಲ್ಲಿ ಒಂದು ಹಿಡಿ ಉಳಿಸಿ, ಅದರ ಮೇಲೆ ಹೊಸ ಅಕ್ಕಿ ಸುರಿಯುತ್ತಿದ್ದಳು. ಚಾಮರಾಜಪೇಟೆಯ ಈ ಮನೆಗೆ ಬಾಡಿಗೆಗೆ ಬಂದ ದಿನವೂ ಹಳೆಯ ಮನೆಯ ಹಿಡಿ ಅಕ್ಕಿ ಡಬ್ಬದಲ್ಲೇ ಬಂದಿತ್ತು.

ಹೋದ ವರ್ಷ ಆಸ್ಪತ್ರೆಯಲ್ಲಿ ಡಾಕ್ಟರು, "ಹೊಟ್ಟೆಯಲ್ಲಿ ನೀರು ಇನ್‌ಕ್ರೀಸ್ ಆಗಿದೆ" ಎಂದರು. ಅವಳು ನನ್ನ ಕಡೆ ತಿರುಗಿ ನಕ್ಕಳು. ನನಗೆ ನಗು ಬರಲಿಲ್ಲ. ಆಮೇಲೆ ಪ್ರತಿ ಸಲವೂ ಅದೇ ಮಾತು: ನೋವು ಇನ್‌ಕ್ರೀಸ್ ಆಗಿದೆಯಾ, ಮಾತ್ರೆ ಇನ್‌ಕ್ರೀಸ್ ಮಾಡೋಣ. ಮನೆಯಲ್ಲಿ ನಾವು ಆ ಮಾತು ಆಡುವುದನ್ನು ಬಿಟ್ಟೆವು.

ಅವಳು ಹೋದಾಗ ಡಬ್ಬದಲ್ಲಿ ತಳದ ಹಿಡಿಯಷ್ಟೇ ಇತ್ತು. ಅದನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಅದರ ಮೇಲೆ ಬೇರೆ ಅಕ್ಕಿ ಸುರಿಯಲೂ ಆಗಲಿಲ್ಲ. ಸಣ್ಣ ಸಣ್ಣ ಪ್ಯಾಕೆಟ್ಟು ತಂದು ಶೆಲ್ಫಿನಲ್ಲಿಟ್ಟು ಅದರಲ್ಲೇ ಅನ್ನ ಮಾಡಿದೆವು. ಡಬ್ಬ ಮುಚ್ಚಿಯೇ ಇತ್ತು. ಆದರೆ ಬೆಳಗಿನ ಹೊತ್ತು, ಹಾಲಿನವನು ಬರುವುದಕ್ಕೆ ಮುಂಚೆ, ಅದರೊಳಗೆ ಅವಳು ಅಕ್ಕಿ ಅಳೆಯುತ್ತಿದ್ದ ಪಾವು ತಳ ಕೆರೆಯುವ ಸದ್ದು ಕೇಳಿಸುತ್ತಿತ್ತು. ಎದ್ದು ಹೋಗಿ ನೋಡಿದರೆ ಮುಚ್ಚಳದ ಮೇಲೆ ಧೂಳು ಕೂತ ಹಾಗೇ ಇರುತ್ತಿತ್ತು. ಒಮ್ಮೆ ಹೀಗೆ ಕತ್ತಲಲ್ಲಿ ನಿಂತಿದ್ದಾಗ ಹಿಂದಿನಿಂದ ಮಗಳು, "ನಿನಗೂ ಕೇಳ್ಸತ್ತಾ ಅಪ್ಪ?" ಎಂದಳು.

ಕಳೆದ ಭಾನುವಾರ ಮಗಳೇ ಮುಚ್ಚಳ ತೆಗೆದಳು. ಬೂದು ಬಣ್ಣದ ಪುಟ್ಟ ಚಿಟ್ಟೆಗಳು ಎದ್ದು ಅವಳ ಮುಖಕ್ಕೆ ಹಾರಿದವು.

"ಪೂರ್ತಿ ಹುಳ ಬಿದ್ದಿದೆ. ಚೆಲ್ಬಿಡ್ಲಾ?"

"ಬೇಡ. ಅದು ಅಮ್ಮ ಉಳಿಸಿದ್ದು."

"ಅಮ್ಮ ಉಳಿಸ್ತಿದ್ದಿದ್ದು ಮೇಲೆ ಸುರಿಯೋಕೆ ಅಪ್ಪ, ಹೀಗೆ ಮುಚ್ಚಿಡೋಕಲ್ಲ."

ಅಕ್ಕಿಯನ್ನು ಮೊರಕ್ಕೆ ಹಾಕಿಕೊಂಡು ತಾರಸಿಗೆ ಹೋದೆ. ಬಿಸಿಲು ತಾಗಿದಂತೆ ಹುಳುಗಳು ಅಂಚಿಗೆ ಹರಿದು ಬಂದವು. ಕೇರಿದಾಗ ಪೊಳ್ಳಾದ ಕಾಳೆಲ್ಲ ಹಿಟ್ಟಾಗಿ ಗಾಳಿಗೆ ಹೋಯಿತು. ಉಳಿದದ್ದು ನನ್ನ ಅಂಗೈ ನಡುವಿನ ಗುಳಿಯನ್ನೂ ತುಂಬಲಿಲ್ಲ.

ಅಷ್ಟರಲ್ಲಿ ಮಗಳು ಅಕ್ಕಿಪೇಟೆಗೆ ಹೋಗಿ ಅಮ್ಮ ತರಿಸುತ್ತಿದ್ದ ಅಕ್ಕಿಯನ್ನೇ ತಂದಿದ್ದಳು. ಡಬ್ಬ ತೊಳೆದು ಒಣಗಿಸಿ, ಉಳಿದ ಕಾಳನ್ನು ತಳಕ್ಕೆ ಹಾಕಿದೆ. ಅವಳು ಚೀಲ ಎತ್ತಿ ಹಿಡಿದು ಕಾದಳು.

"ಸುರೀಲಾ ಅಪ್ಪ?"

"ಹೂಂ, ಸುರಿ."

ಅಕ್ಕಿ ಬಿತ್ತು. ಕ್ಷಣದಲ್ಲಿ ಹಳೆಯ ಕಾಳು ಯಾವುದು, ಹೊಸದು ಯಾವುದು ಎಂದು ತಿಳಿಯದಾಯಿತು. ನಾನು ಕೈ ಹಾಕಿ ಹುಡುಕಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಸದ್ದು ಕೇಳಿಸಿತು. ಪಕ್ಕದ ಕೋಣೆಯಲ್ಲಿ ಮಗಳು ಇನ್ನೂ ನಿದ್ದೆಯಲ್ಲಿದ್ದಳು. ನಾನು ಏಳಲಿಲ್ಲ. ಈ ಸಲ ಅದು ತಳ ಕೆರೆದಂತಿರಲಿಲ್ಲ. ತುಂಬಿದ ಡಬ್ಬದೊಳಗೆ ಪಾವು ಮೆಲ್ಲಗೆ ಇಳಿದ ಹಾಗಿತ್ತು.