ಕರೆಂಟು ಹೋದಾಗಿನ ರಾಜಕೀಯ

ನಮ್ಮ ಬನಹಟ್ಟಿಯಲ್ಲಿ ದೇಶದ ರಾಜಕೀಯ ನಡೆಯುವುದು ಕರೆಂಟು ಹೋದಾಗ ಮಾತ್ರ. ಕರೆಂಟು ಇದ್ದಷ್ಟು ಹೊತ್ತು ಓಣಿಯ ಮನೆಮನೆಯಲ್ಲೂ ಪವರ್‌ಲೂಮು ಖಟಖಟ ಎನ್ನುತ್ತಿರುತ್ತದೆ. ಆ ಸದ್ದಿನಲ್ಲಿ ಪಕ್ಕದಲ್ಲಿ ನಿಂತವನಿಗೆ ಚಹಾ ಬೇಕೇ ಎಂದು ಕೇಳಬೇಕಾದರೂ ಹೆಬ್ಬೆರಳನ್ನು ಬಾಯಿಗೆ ಹಿಡಿದು ತೋರಿಸಬೇಕು. ದಿಲ್ಲಿಯ ವಿಚಾರವನ್ನು ಹೆಬ್ಬೆರಳಿನಲ್ಲಿ ತೋರಿಸಲು ಬರುವುದಿಲ್ಲ. ಹಾಗಾಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತು ಕಿವಿ ಗುಂಯ್ ಎಂದ ಕೂಡಲೇ ಗಂಡಸರು ಬೆವರು ಒರೆಸಿಕೊಳ್ಳುತ್ತ ಕಟ್ಟೆಗೆ ಬಂದು ಕೂತು, ಹಿಂದೆ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದ ದೇಶವನ್ನು ನಡೆಸತೊಡಗುತ್ತಾರೆ. ಕರೆಂಟು ಬಂದರೆ ಅರ್ಧ ಮಾತಿನಲ್ಲೇ ಎದ್ದು ಹೋಗುತ್ತಾರೆ. ನಮ್ಮ ಓಣಿಯಲ್ಲಿ ಯಾವ ವಾದವೂ ಮುಗಿದದ್ದಿಲ್ಲ. ಅದಕ್ಕೇ ಯಾವ ಗೆಳೆತನವೂ ಮುರಿದದ್ದಿಲ್ಲವೋ ಏನೋ.

ನಾನು ಸಾವಳಗಿಯ ಹೊಲಮನೆಯ ಕಡೆಯಿಂದ ಬಂದವಳು. ಮಗ್ಗದ ಊರಿನವರು ಸದ್ದಿಗೆ ರೂಢಿಯಾಗಿ ಎಲ್ಲಿ ಹೋದರೂ ಗಟ್ಟಿಯಾಗಿಯೇ ಮಾತಾಡುತ್ತಾರೆ. ನನ್ನನ್ನು ನೋಡಲು ಬಂದ ದಿನ ಇವರ ಕಡೆಯವರು ಕುಶಲ ವಿಚಾರಿಸಿದ್ದನ್ನು ಕೇಳಿ, ಜಗಳ ಬಿತ್ತೆಂದು ನಮ್ಮವ್ವ ಅಡುಗೆಮನೆ ಸೇರಿದ್ದಳು. ನಾನು ಆ ಅವ್ವನ ಮಗಳು. ಮದುವೆಯಾಗಿ ಬಂದಾಗಿನಿಂದ ಬಾಗಿಲ ಒಳಗೆ ಕೂತು ಕೈರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ, ಕಟ್ಟೆಯ ಮೇಲಿನ ದೇಶವನ್ನು ಕಿವಿಯಿಂದಲೇ ನೋಡಿದವಳು. ಸಾಲೆಯಲ್ಲಿ ಪೌರನೀತಿಯ ಪಾಠವಿತ್ತು. ಪ್ರಜೆಯ ಕರ್ತವ್ಯಗಳನ್ನು ಗುರುಗಳು ಬಾಯಿಪಾಠ ಮಾಡಿಸಿದ್ದರು. ಮತ ಹಾಕಬೇಕು ಎಂದು ಅದರಲ್ಲಿತ್ತು. ಮತ ಎನ್ನುವುದನ್ನು ಮನಸ್ಸಿನಲ್ಲಿ ಮಾಡಿಕೊಳ್ಳುವುದು ಹೇಗೆ ಎಂದು ಮಾತ್ರ ಯಾವ ಪುಟದಲ್ಲೂ ಇರಲಿಲ್ಲ. ಸಾರು ಬಡಿಸಬೇಕು ಎಂದು ಹೇಳಿ, ಮಾಡುವ ರೀತಿ ಹೇಳದೆ ಹೋದಂತೆ.

ನಮ್ಮ ಮನೆಯವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಮಧ್ಯಾಹ್ನ ಎದೆ ಹಿಡಿದುಕೊಂಡಿತು ಎಂದರು. ಜಮಖಂಡಿಯ ಆಸ್ಪತ್ರೆಯ ದಾರಿಯಲ್ಲೇ ಮುಗಿಯಿತು. ಇದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಅವರ ವಾದದ ಬಗ್ಗೆಯಾದರೆ ಎಷ್ಟು ಬೇಕಾದರೂ ಬರೆಯುತ್ತೇನೆ. ಅವರದೊಂದು ವಿಚಿತ್ರ ಪದ್ಧತಿ ಇತ್ತು. ಕಟ್ಟೆಯ ಮೇಲೆ ಆ ದಿನ ಯಾವ ಪಾರ್ಟಿಯವರು ಬಂದಿರುವುದಿಲ್ಲವೋ, ಇವರು ಆ ಪಾರ್ಟಿಯ ಪರ. ನನ್ನ ಮೈದುನ ಮಹಾದೇವ ಒಂದು ಪಾರ್ಟಿಯ ಕಟ್ಟಾಳು. ಎದುರು ಮನೆಯ ದುಂಡಪ್ಪ ಕಾಕಾ ಇನ್ನೊಂದರ ಕಟ್ಟಾಳು. ಇಬ್ಬರ ಪಾಳಿಯೂ ಬೇರೆ ಬೇರೆ, ಒಬ್ಬ ಮುಂಜಾನೆ ಮಗ್ಗಕ್ಕೆ ನಿಂತರೆ ಇನ್ನೊಬ್ಬ ಮಧ್ಯಾಹ್ನ. ಮಹಾದೇವ ಕೂತಿದ್ದರೆ ಇವರು ಕಾಕಾನ ಪಾರ್ಟಿಯ ವಕೀಲರು. ಕಾಕಾ ಕೂತಿದ್ದರೆ ಮಹಾದೇವನ ಪಾರ್ಟಿಯ ವಕೀಲರು. ಇದೇನು ನಿಮ್ಮ ನಡತೆ ಎಂದು ಒಮ್ಮೆ ಕೇಳಿದ್ದಕ್ಕೆ, "ಇಲ್ದವ್ರ ಕಡಿಂದ ಯಾರರೆ ಮಾತಾಡಬೇಕಲ್ಲ? ಇದ್ದವ್ರಿಗೆ ಬಾಯಿ ಐತಿ" ಎಂದಿದ್ದರು.

ಇದರಿಂದ ಆದ ಎಡವಟ್ಟು ತಿಳಿದದ್ದು ಅವರು ಹೋದ ಮೇಲೆ. ನಮ್ಮಲ್ಲಿ ಸಾವಿನ ಮನೆಗೆ ಮಾತಾಡಿಸಲು ಬರುವ ಪದ್ಧತಿಯಿದೆ. ಬಂದವರು ಜಮಖಾನೆಯ ಮೇಲೆ ಕೂತು ತಾವೇ ಮಾತಾಡಿ ಹೋಗುತ್ತಾರೆ. ಒಂದು ದಿನ ಮಹಾದೇವ ಮತ್ತು ದುಂಡಪ್ಪ ಕಾಕಾ ಒಟ್ಟಿಗೇ ಸಿಕ್ಕಿಬಿದ್ದರು.

"ಅಣ್ಣ ಕಡೀತನಕ ನಮ್ಮ ಪಾರ್ಟಿ ಬಿಡಲಿಲ್ಲ ನೋಡ್ರಿ ವೈನಿ" ಎಂದು ಮಹಾದೇವ ಕಣ್ಣೊರೆಸಿಕೊಂಡ.

"ಯಾವ ಪಾರ್ಟಿನೋ ನಿಂದು?" ಎಂದರು ಕಾಕಾ. "ನಾ ಇಲ್ದಾಗ ನಿಮಗೆಲ್ಲಾ ಹೆಂಗ ನೀರ ಕುಡಿಸ್ತಿದ್ದ ಅನ್ನೂದು ಓಣಿಗೆಲ್ಲಾ ಗೊತ್ತೈತಿ. ಅವ ನಮ್ಮ ಪಾರ್ಟ್ಯಾಂವ."

"ನೀ ಇದ್ದಾಗ ನಿನಗ ಕುಡಿಸಿದ್ದು ಮರ್ತಿ ಏನ ಕಾಕಾ?"

"ಅದು ಚಾಷ್ಟಿಲೇ! ಮುಖದ ಮುಂದ ಚಾಷ್ಟಿ ಮಾಡ್ತಿದ್ದ. ಹಿಂದ ಅಂದದ್ದು ಖರೆ."

ಅಷ್ಟು ದುಃಖದಲ್ಲೂ ನನಗೆ ನಗು ಬಂದು ಸೆರಗು ಬಾಯಿಗೆ ಹಿಡಿದೆ. ಅಳುತ್ತಿದ್ದೇನೆಂದು ತಿಳಿದು ಇಬ್ಬರೂ ನನಗೆ ಸಮಾಧಾನ ಹೇಳತೊಡಗಿದರು. ಎದುರಿಗೆ ಬೈದದ್ದು ಹುಡುಗಾಟ, ಬೆನ್ನ ಹಿಂದೆ ಹೊಗಳಿದ್ದು ಸತ್ಯ ಎಂದು ನಂಬುವ ಮನುಷ್ಯರನ್ನು ದೇವರು ಬಹುಶಃ ಪಾರ್ಟಿಗಳ ಸಲುವಾಗಿಯೇ ಮಾಡಿರಬೇಕು.

ಹಾಗಾದರೆ ಅವರು ನಿಜವಾಗಿ ಯಾರ ಕಡೆ? ನನಗೂ ಗೊತ್ತಿಲ್ಲ. ಓಟಿನ ದಿನ ದಾರಿಯಲ್ಲಿ, "ಯಾರಿಗೆ ಹಾಕಲಿ?" ಎಂದು ಪ್ರತಿ ಸಲ ಕೇಳುತ್ತಿದ್ದೆ. "ನಿನ್ನ ಓಟಿಗೆ ನನ್ನ ಯಾಕ ಕೇಳ್ತಿ?" ಎನ್ನುತ್ತಿದ್ದರು. ನಾನು ಅವರ ಮುಖ ನೋಡಿ, ಇವರು ಇಂಥವರಿಗೆ ಹಾಕಬಹುದು ಎಂದು ಅಂದಾಜು ಮಾಡಿ ನಾನೂ ಅದಕ್ಕೇ ಒತ್ತುತ್ತಿದ್ದೆ. ಈಗ ಲೆಕ್ಕ ಹಾಕಿದರೆ, ಅವರ ಓಟನ್ನು ನನ್ನ ಓಟು ಎಷ್ಟು ಸಲ ಹೊಡೆದುಹಾಕಿದೆಯೋ ಶಿವನೇ ಬಲ್ಲ. ಗಂಡನಿಗೆ ವಿಧೇಯಳಾಗಿರಲು ಹೋಗಿ ಗಂಡನನ್ನೇ ಸೋಲಿಸಿದವಳು ನಾನು.

ಅವರ ಫೋನು ಈಗ ನನ್ನ ಬಳಿ ಇದೆ. ಊರಿನ ಮೂರೂ ಪಾರ್ಟಿಯವರು ಅವರನ್ನು ತಮ್ಮವರೆಂದೇ ತಿಳಿದಿದ್ದರಿಂದ ಎಲ್ಲರ ವಾಟ್ಸಾಪ್ ಗುಂಪಿನಲ್ಲೂ ಅವರ ಹೆಸರಿದೆ. ಯಾರೂ ತೆಗೆದಿಲ್ಲ. ಸತ್ತವರನ್ನು ಗುಂಪಿನಿಂದ ತೆಗೆಯುವ ಧೈರ್ಯ ಯಾರಿಗೆ ಬರುತ್ತದೆ? ಮೊದಮೊದಲು ಅವರಿಗೆ ಬಂದದ್ದು ಎಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಓದುತ್ತಿದ್ದೆ. ಪುಣ್ಯಕ್ಕೆ ನನಗೆ ಬಂದ ದುಃಖ ಮೂರೂ ಪಾರ್ಟಿಗಳದ್ದನ್ನು ಸಮನಾಗಿ ಓದಿಸಿತು. ಸುಖದಲ್ಲಿದ್ದವರಿಗೆ ಇಂಥ ಅವಕಾಶ ಸಿಕ್ಕುವುದು ಕಷ್ಟ.

ಮಗ್ಗದ ಊರಿನ ಹೆಣ್ಣುಮಕ್ಕಳು ಸೀರೆ ಕೊಳ್ಳುವಾಗ ಸೆರಗಿನ ಬುಟ್ಟಾ ನೋಡುವುದು ಆಮೇಲೆ. ಮೊದಲು ಸೀರೆಯನ್ನು ತಿರುವಿ ಒಳಮೈ ನೋಡುತ್ತಾರೆ. ಎಳೆ ಎಲ್ಲಿ ಕಡಿದಿದೆ, ಎಲ್ಲಿ ಗಂಟು ಹಾಕಿ ಮುಚ್ಚಿದ್ದಾರೆ ಎನ್ನುವುದು ಅಲ್ಲಿ ಕಾಣುತ್ತದೆ. ಸೀರೆಗೆ ಇಷ್ಟು ಜಾಣರಾದ ನಾವು, ಫೋನಿಗೆ ಬಂದದ್ದನ್ನು ಮಾತ್ರ ಬುಟ್ಟಾ ನೋಡಿಯೇ ಉಟ್ಟುಕೊಂಡು ಹೊರಡುತ್ತೇವೆ. ಒಂದು ಸಲ ಒಬ್ಬ ಮುದುಕಿಯ ಫೋಟೋ ಬಂತು. ಕೈ ಮುಗಿದು ನಿಂತಿದ್ದಳು, ಕಣ್ಣಲ್ಲಿ ನೀರು. ಒಂದು ಗುಂಪಿನಲ್ಲಿ ಅವಳು ಸರಕಾರಕ್ಕೆ ಉಪಕಾರ ಹೇಳುತ್ತಿದ್ದಳು. ಇನ್ನೊಂದರಲ್ಲಿ ಅದೇ ಸರಕಾರಕ್ಕೆ ಶಾಪ ಹಾಕುತ್ತಿದ್ದಳು. ಮೂರನೆಯದರಲ್ಲಿ ಅವಳು ಬೇರೆ ರಾಜ್ಯದವಳೇ ಆಗಿದ್ದಳು. ನಾನು ಬಹಳ ಹೊತ್ತು ಆ ಮುಖ ನೋಡಿದೆ. ಅವಳಿಗೆ ಬರೀ ಕಣ್ಣು ನೋಯುತ್ತಿದ್ದಿರಬಹುದು. ಆ ಮುಖದ ಕೆಳಗೆ ಇಷ್ಟು ಜನ ಬರೆದರು, ಆಕೆಯನ್ನು ಒಬ್ಬರೂ ಕೇಳಿದಂತೆ ಕಾಣಲಿಲ್ಲ.

ಲೋಕಸಭೆಯ ಚುನಾವಣೆ ಹತ್ತಿರ ಬಂದಾಗ ಮಹಾದೇವ ಒಂದು ದಿನ ಹಣ್ಣು ಹಿಡಿದುಕೊಂಡು ಬಂದ. ಹಣ್ಣು ನೋಡಿದಾಗಲೇ ನನಗೆ ಸಂಶಯ ಬರಬೇಕಿತ್ತು.

"ವೈನಿ, ಬರೇ ಎರಡ ಮಾತ. ನಾ ಮೊಬೈಲಿನ್ಯಾಗ ವಿಡಿಯೋ ತಕ್ಕೋತೀನಿ. ಅಣ್ಣನ ಕಡೀ ಆಸೆ ಇದಾ ಇತ್ತು, ಎಲ್ಲಾರೂ ನಮ್ಮ ಪಾರ್ಟಿಗೇ ಹಾಕ್ರಿ ಅಂತ ಹೇಳಿಬಿಡ್ರಿ. ರಬಕವಿ, ತೇರದಾಳ, ಮುಧೋಳ ತನಕ ಅಣ್ಣನ ಮಾತಿಗೆ ಕಿಮ್ಮತ್ತೈತಿ."

"ಅವರ ಕಡೀ ಆಸೆ ನೀರು ಕುಡೀಬೇಕು ಅನ್ನೂದಿತ್ತೋ ತಮ್ಮಾ. ಗಾಡಿಯೊಳಗ ಬಾಜೂಕ ನಾನಾ ಇದ್ನಿ" ಎಂದೆ.

ಅವನು ತಲೆ ಕೆಳಗೆ ಹಾಕಿದ. ಕೆಟ್ಟವನಲ್ಲ. ಅಣ್ಣ ತನ್ನವನಾಗಿದ್ದ ಎಂದು ಊರೆಲ್ಲ ಒಪ್ಪಬೇಕು ಎನ್ನುವುದು ಅವನ ದುಃಖದ ರೀತಿ. ಆದರೆ ನನಗೆ ಆ ಮುದುಕಿ ಕಣ್ಣ ಮುಂದೆ ಬಂದಳು. ನಾಳೆ ನನ್ನ ಮುಖದ ಕೆಳಗೂ ಯಾರೋ ಏನೋ ಬರೆಯುತ್ತಾರೆ, ಅದರ ಜೊತೆಗೆ ಬಾಯಿಲ್ಲದ ಅವರ ಹೆಸರನ್ನೂ. ಬೇಡ ಎಂದೆ. ಮಹಾದೇವನಿಗೆ ಸಿಟ್ಟು ಬಂತು.

"ಅಣ್ಣನ ವಿಚಾರ ಬ್ಯಾಡ ಅಂತೀರಿ. ಹೋಗ್ಲಿ, ನಿಮ್ಮದರೆ ವಿಚಾರ ಏನ್ ಹೇಳ್ರಿ?"

ನಾನು ಬಾಯಿ ತೆರೆದೆ. ಒಳಗೆ ಏನೂ ಇರಲಿಲ್ಲ.

ಅವನು ಹೋದ ಮೇಲೆ ಹಣ್ಣಿನ ಚೀಲದ ಮುಂದೆ ಕೂತು ಯೋಚಿಸಿದೆ. ಇಷ್ಟು ವರ್ಷ ಅವರ ಅಭಿಪ್ರಾಯವನ್ನು ಅಂದಾಜು ಮಾಡುವುದೇ ನನ್ನ ಅಭಿಪ್ರಾಯವಾಗಿತ್ತು. ಈಗ ಅಂದಾಜು ಮಾಡಲು ಮುಖವೇ ಇಲ್ಲ. ಈ ಸಲ ಗುಂಡಿ ಒತ್ತುವಾಗ ನಾನಾಗಿ ಒತ್ತಬೇಕು, ಇಲ್ಲವಾದರೆ ಹೋಗಬಾರದು ಎನಿಸಿತು. ಹಿಂದೆಯೇ ಒಂದು ಹೆದರಿಕೆಯೂ ಬಂತು. ಸ್ವಂತದ್ದೊಂದು ವಿಚಾರ ಮಾಡಿಕೊಂಡರೆ, ನಾನು ಅವರಿಗೆ ಗೊತ್ತಿಲ್ಲದ ಹೆಂಗಸಾಗಿಬಿಟ್ಟಂತೆ. ಅವರನ್ನು ಇನ್ನೊಂದು ಸಲ ಕಳಕೊಂಡಂತೆ. ಹೇಳಿದರೆ ಹುಚ್ಚು ಎನ್ನುತ್ತೀರಿ. ಆದರೆ ಅವರು ಹೋದ ಮೇಲೆ ಹೊಸ ಚಮಚ ತರುವುದಕ್ಕೂ ನನಗೆ ಮನಸ್ಸು ಬಂದಿರಲಿಲ್ಲ. ಅವರು ನೋಡದ ವಸ್ತು ಮನೆಯಲ್ಲಿ ಇರಬಾರದು ಎಂದು.

ಆದರೂ ಸುರು ಮಾಡಿದೆ. ಟಿವಿ ಹಚ್ಚಿದೆ. ಅಲ್ಲಿ ಮಗ್ಗ ನಡೆದಂಥ ಸದ್ದಿನಲ್ಲೇ ಎಲ್ಲರೂ ಕೂಡಿ ಮಾತಾಡುತ್ತಾರೆ, ಒಂದೂ ಕೇಳಿಸುವುದಿಲ್ಲ. ಆರಿಸಿದೆ. ಎರಡು ಪೇಪರು ತರಿಸಿದೆ. ಮಹಾಲಿಂಗಪುರದಲ್ಲಿ ಒಂದು ಪಾರ್ಟಿಯ ಸಭೆಗೂ ರಬಕವಿಯಲ್ಲಿ ಇನ್ನೊಂದರ ಸಭೆಗೂ ಹೋಗಿ ಹಿಂದೆ ಕೂತೆ. ಒಂದು ಕಡೆ ಭಾಷಣದವರು ಎದುರು ಪಾರ್ಟಿ ಹೇಳಿದ್ದನ್ನು ಹಾಸ್ಯಕ್ಕೆ ಹೇಳಿದಾಗ, ಅದೇ ಅವರ ಮಾತೆಂದು ತಿಳಿದು ನಾನೊಬ್ಬಳೇ ಚಪ್ಪಾಳೆ ತಟ್ಟಿದೆ. ಮುಂದೆ ಕೂತವರೆಲ್ಲ ತಿರುಗಿ ನೋಡಿದರು.

ದೇಶದ ಎಲ್ಲ ಪ್ರಶ್ನೆಗಳೂ ನನ್ನ ಕೈಗೆ ನಿಲುಕುವಂಥವಲ್ಲ ಎಂದು ತಿಳಿದ ಮೇಲೆ ಒಂದನ್ನೇ ಹಿಡಿದುಕೊಂಡೆ. ದಿಲ್ಲಿಯಲ್ಲಿ ಒಬ್ಬರದೇ ಕೈ ಗಟ್ಟಿಯಾಗಿರಬೇಕೋ, ಹತ್ತು ಜನ ಕೂಡಿ ನಡೆಸುವಂತಿರಬೇಕೋ? ಕಂಡಿಕೆ ಸುತ್ತುತ್ತ ಇದನ್ನೇ ಸುತ್ತಿದೆ. ಕಡೆಗೆ ನನಗೆ ಹತ್ತು ಜನ ಕೂಡಿದ್ದೇ ಮೇಲೆನಿಸಿತು. ತಡವಾಗುತ್ತದೆ, ಆದರೆ ಒಬ್ಬರು ತಪ್ಪಿದಾಗ "ನಿಲ್ಲು" ಎನ್ನಲು ಇನ್ನೊಬ್ಬರು ಇರುತ್ತಾರೆ. ಇದೇನು ದೊಡ್ಡ ಶೋಧವಲ್ಲ. ಆದರೆ ಯಾರ ಮುಖವನ್ನೂ ನೋಡದೆ ಮಾಡಿದ್ದು. ಹೊಸ ಬಳೆ ಇಟ್ಟವರಂತೆ ನಾಲ್ಕು ಜನಕ್ಕೆ ತೋರಿಸುವ ಆಸೆಯಾಯಿತು.

ದುಂಡಪ್ಪ ಕಾಕಾಗೆ ಹೇಳಿದೆ. "ಖರೆ ಐತಿ ತಂಗಿ, ಖರೆ ಐತಿ" ಎಂದರು. ಅವರ ಪಾರ್ಟಿಯ ನಿಲುವು ಅದಕ್ಕೆ ಪೂರ್ತಿ ವಿರುದ್ಧ. ಪರೀಕ್ಷೆಗೆಂದು ಎರಡು ದಿನ ಬಿಟ್ಟು ಉಲ್ಟಾ ಹೇಳಿ ನೋಡಿದೆ. "ಅದೂ ಖರೇನ ಅನ್ನು" ಎಂದರು. ಸಿಟ್ಟಿನಿಂದ ಹೋಗಿದ್ದ ಮಹಾದೇವನೂ ಅಷ್ಟೇ, "ನೀವು ಹೇಳಿದಂಗಾಗ್ಲಿ ಬಿಡ್ರಿ ವೈನಿ." ಗಂಡ ಸತ್ತವಳ ಮಾತಿಗೆ ಊರು ಎದುರಾಡುವುದಿಲ್ಲ. ಇದು ಕರುಣೆ, ನನಗೆ ಗೊತ್ತು. ಆದರೆ ಕರುಣೆಯ ಮೇಲೆ ಇಟ್ಟ ಅಭಿಪ್ರಾಯ ಗಾದಿಯ ಮೇಲೆ ಇಟ್ಟ ಕೊಡದಂತೆ, ನೆಟ್ಟಗೆ ನಿಲ್ಲುವುದಿಲ್ಲ. ಯಾರೂ ತಳ್ಳದ ಮೇಲೆ ಅದು ಗಟ್ಟಿಯೋ ಅಲ್ಲವೋ ನನಗಾದರೂ ಹೇಗೆ ತಿಳಿಯಬೇಕು?

ಅಷ್ಟರಲ್ಲಿ ಪಕ್ಕದ ಮನೆಯ ಶಾವಂತ್ರೆವ್ವ ಬಂದಳು. ಮಗಳ ಬಾಣಂತನಕ್ಕೆಂದು ಬೀಳಗಿಗೆ ಹೋದವಳು ತಿಂಗಳುಗಟ್ಟಲೆ ಅಲ್ಲೇ ಉಳಿದಿದ್ದಳು. ನನ್ನ ವಯಸ್ಸಿನವಳೇ, ಮದುವೆಯಾಗಿ ಬಂದಾಗಿನಿಂದ ನೆರೆಯವಳು. ಹಿತ್ತಲ ಗೋಡೆಗೆ ನಿಂತು ಅವಳಿಗೂ ನನ್ನ ಹತ್ತು ಜನರ ಸರಕಾರವನ್ನು ತೋರಿಸಿದೆ.

"ಥೂ, ಇದೇನ್ ಹುಚ್ಚ ಮಾತಬೇ!" ಎಂದಳು. "ಹತ್ತ ಮಂದಿ ಕೂಡಿ ನಡಸೂ ಮನಿ ನೀ ಎಲ್ಲಿ ನೋಡೀದಿ? ನೀವು ಗಂಡ ಹೆಂಡ್ತಿ ಇಬ್ಬರಾ ಇದ್ದಾವ್ರು. ನಾ ನೋಡೇನಿ. ನಾಕ ಮಂದಿ ಭಾವ ಮೈದುನ್ರು, ಚಾಪುಡಿ ತರೂದಕ್ಕೂ ಪಂಚಾಯ್ತಿ. ಅವ ಅಂವಗ ಅಂತಾನ, ಇವ ಇಂವಗ ಅಂತಾನ, ಕಡೀಕ ನಾವು ಹೆಣಮಕ್ಳು ಬಿಸಿನೀರು ಕುಡದ ಮಲಗೂದು!"

"ಒಬ್ಬನ ಕೈಯಾಗ ಕೊಟ್ರ ಚಾಪುಡಿ ಬರತೈತಿ, ಖರೆ. ಅಂವ ಚಾ ಬ್ಯಾಡ ಅಂದ್ರ?"

"ಅಂದ್ರ ಐದ ವರ್ಷಕ್ಕ ಅಂವನ್ನ ಹೊರಗ ಹಾಕೂದು!"

"ಅಲ್ಲೀತನ ಏನ್ ಕುಡೀತಿ?"

"ನಿನ್ನ ತಲಿ!"

ಒಗೆದ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೇರಿಸಿ ಸರಸರ ಹೋಗಿಬಿಟ್ಟಳು. ಅಷ್ಟು ಗಟ್ಟಿಯಾಗಿ ನಾನು ಮಾತಾಡಿದ್ದು ಅದೇ ಮೊದಲು. ಒಲೆಯ ಮೇಲಿನ ಬೇಳೆ ಸೀದು ಹೋಗಿತ್ತು. ಅದನ್ನು ಕೆರೆಯುತ್ತ ಕೂತಾಗ ಹೊಳೆಯಿತು, ಇಷ್ಟು ಹೊತ್ತು ಅವರ ನೆನಪೇ ಬಂದಿರಲಿಲ್ಲ. ಹೆದರಿದ್ದು ಆಗಿಹೋಯಿತು ಎಂದುಕೊಂಡೆ. ಸುತ್ತ ನೋಡಿದರೆ ಏನೂ ಕಡಿಮೆಯಾಗಿರಲಿಲ್ಲ. ಮೊಳೆಯಲ್ಲಿ ಅವರ ಅಂಗಿ ಹಾಗೇ ಇತ್ತು. ನನ್ನ ದುಃಖವೂ ತನ್ನ ಜಾಗದಲ್ಲಿ ಕೂತು, ನಾನು ಜಗಳ ಮುಗಿಸಿ ಬರುವುದನ್ನು ಕಾದಿತ್ತು. ಅದಕ್ಕೆ ನನ್ನ ಮೇಲೆ ಸಿಟ್ಟಿದ್ದಂತೆ ಕಾಣಲಿಲ್ಲ.

ಆ ಸಂಜೆಯೆಲ್ಲ ಶಾವಂತ್ರೆವ್ವನ ಚಾಪುಡಿಯ ಮಾತನ್ನು ತಿರುವಿ ತಿರುವಿ ನೋಡಿದೆ. ಅದರಲ್ಲೂ ಒಂದು ನ್ಯಾಯವಿತ್ತು. ಹತ್ತು ಜನರಲ್ಲಿ ಕೆಲಸ ಯಾರದೆಂದು ಗೊತ್ತಾಗದಿದ್ದರೆ ಬೈಯುವುದಾದರೂ ಯಾರನ್ನು? ನನ್ನ ವಿಚಾರ ಒಂದು ಬೆರಳಿನಷ್ಟು ಸರಿಯಿತು. ಸರಿದದ್ದಕ್ಕೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ. ಅಪ್ಪಣೆ ಇಲ್ಲದೆ ಬದಲಾಯಿಸಬಹುದಾದದ್ದೇ ಸ್ವಂತದ್ದಿರಬೇಕು.

ಮರುದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದೆ. ಶಾವಂತ್ರೆವ್ವ ಎದುರಿಗೆ ಬಂದು ನಿಂತಳು. ಕಣ್ಣು ಕೆಂಪಗಿದ್ದವು. ಗಂಡ ಹೋದವಳಿಗೆ ಹೀಗೆಲ್ಲ ಅನ್ನಬಾರದಿತ್ತೆಂದು ಮರುಗಿರಬೇಕು, ಈಗ ಇವಳೂ ತಪ್ಪಾಯಿತು ಎನ್ನುತ್ತಾಳೆ ಎಂದು ನನ್ನ ಮನಸ್ಸು ಕುಸಿಯಿತು.

"ರಾತ್ರೆಲ್ಲಾ ನಿದ್ದಿಲ್ಲ ನೋಡು" ಎಂದಳು. "ವಿಚಾರ ಮಾಡಿದ್ನಿ. ಹೆಂಗ ವಿಚಾರ ಮಾಡಿದ್ರೂ ನೀ ಅಂದದ್ದು ತಪ್ಪ ಐತಿ."

ಈ ಮನೆಗೆ ಇಷ್ಟು ದಿನ ಎಷ್ಟೋ ಜನ ತಾವಾಗಿ ಬಂದು ಕೂತು ಎದ್ದು ಹೋಗಿದ್ದರು. ನಾನಾಗಿ ಯಾರನ್ನೂ ಕರೆದಿರಲಿಲ್ಲ.

"ಅಲ್ಯಾಕ ನಿಂತೀದಿ?" ಎಂದೆ. "ಒಳಗ ಬಾ, ಕುಂದ್ರು. ಹೆಂಗ ತಪ್ಪ ಐತಿ ಹೇಳು."